ತಂಬೂರಿ ಕಾಕಾ ಮತ್ತು ಮೀನಿನ ಗುಳುಗುಳು

ಪ್ಲಾಸ್ಟಿಕ್ ಪೈಪಿಗೆ ಹಚ್ಚುವ ಅಂಟಿನ ವಾಸನೆ ಮೊನ್ನೆ ಮಧ್ಯಾಹ್ನ ನಡುಮನೆ ತುಂಬ ಹರಡಿತ್ತು. ತಲೆ ಸುತ್ತಿಸುವ ವಾಸನೆ ಅದು, ಕೊಳೆತ ಬಾಳೆಹಣ್ಣಿಗೆ ಸೀಮೆಎಣ್ಣೆ ಬೆರೆಸಿದ ಹಾಗೆ. ಮಗ ಮೀನಿನ ಪೆಟ್ಟಿಗೆಯ ಕೆಳಗಿನ ಕಪಾಟಿನಲ್ಲಿ ತಲೆ ತೂರಿಸಿ, ಹಳದಿಯಾದ ಹಳೆಯ ಪೈಪನ್ನು ಕೊಯ್ದು ತೆಗೆದು ಹೊಸದನ್ನು ಕೂಡಿಸುತ್ತಿದ್ದ. ಕೊಯ್ದ ತುಂಡನ್ನು ಹಿಂದೆ ನೋಡದೆಯೇ ನನ್ನ ಕೈಗೆ ಕೊಟ್ಟ. ಅದರ ನಡುವೆ ನೀರನ್ನು ಹೆಚ್ಚು ಕಡಿಮೆ ಮಾಡುವ ಕೀಲಿ, ಕೀಲಿಗೊಂದು ಕೆಂಪು ಹಿಡಿ. ಹಿಡಿಯ ಹಲ್ಲುಗಳೆಲ್ಲ ಸವೆದು ನುಣ್ಣಗಾಗಿದ್ದವು.

"ಅವ್ವಾ, ಇದನ್ನ ಒಮ್ಮೆ ಹೊಂದಿಸಿದ್ರ ಮತ್ತ ಯಾರೂ ಮುಟ್ಟೂದಿಲ್ಲ. ಇಷ್ಟ್ಯಾಕ ಸವದೈತಿ?" ಎಂದ.

"ಹಳೇದಾತು" ಎಂದೆ.

ಸುಳ್ಳೇನಲ್ಲ, ಹಳೆಯದೇ. ಆದರೆ ಆ ಹಿಡಿಯನ್ನು ಸೆರಗಿನಿಂದ ಒರೆಸುತ್ತ ಕೂತಾಗ ಅಂಟಿನ ವಾಸನೆಯೊಳಗೆ ಅರಗಿನ ವಾಸನೆ ಸೇರಿಕೊಂಡಿತು, ಆಮೇಲೆ ಒಣಗಿದ ಸೋರೆಬುರುಡೆಯ ವಾಸನೆ... ಆ ವಾಸನೆಗಳು ನಮ್ಮ ಮನೆಯವಲ್ಲ. ಗೋಡೆಯ ಆಚೆಯವು.

ನಮ್ಮ ಮನೆಗೂ ಪಕ್ಕದ ಮನೆಗೂ ಇರುವುದು ಒಂದೇ ಗೋಡೆ. ಮಿರಜಿನ ಹಳೆಯ ಓಣಿಗಳಲ್ಲಿ ಹಾಗೆಯೇ. ಆಚೆ ಕಡೆ ತಂಬೂರಿ ಮಾಡುವವರ ಮನೆ. ರಸ್ತೆಗೆ ಅಂಗಡಿ, ಹಿಂದೆ ಕೆಲಸದ ಕೋಣೆ. ಆ ಕೋಣೆಯಲ್ಲಿ ದಿನವಿಡೀ ಕೂರುತ್ತಿದ್ದವರನ್ನು ನಮ್ಮ ಮಕ್ಕಳು ತಂಬೂರಿ ಕಾಕಾ ಎಂದು ಕರೆದರು, ಆಮೇಲೆ ಓಣಿಯೇ ಹಾಗೆ ಕರೆಯಿತು, ನಾನೂ ಕರೆದೆ. ಗಿಡ್ಡ ಆಳು. ಮುಂಗೈವರೆಗೆ ಅರಗಿನ ಕಲೆ. ನನಗಿಂತ ಬಹಳ ದೊಡ್ಡವರು, ಆದರೂ ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದರು. ಕನ್ನಡ, ಮರಾಠಿ ಕಲಸಿ ಮಾತಾಡುವರು. ಸಿಟ್ಟು ಬಂದರೆ ಮಾತ್ರ ಮನೆಯ ಉರ್ದು.

ಸಮಡೋಳಿಯಿಂದ ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಆ ಕೋಣೆಯ ಸದ್ದು ನನ್ನ ಮಧ್ಯಾಹ್ನಗಳಿಗೆ ಹತ್ತಿಕೊಂಡಿತ್ತು. ಊಟವಾಗಿ, ಪಾತ್ರೆ ತೊಳೆದು, ಬಿಸಿಲು ಓಣಿಯಲ್ಲಿ ಮಲಗಿರುವ ಹೊತ್ತಿಗೆ ಆಚೆಯಿಂದ ಒಂದು ತಂತಿ ಮಿಡಿಯುತ್ತಿತ್ತು. ಮೊದಲು ಮೊಂಡು ದನಿ, ತಗಡಿನ ಡಬ್ಬಿ ತಟ್ಟಿದ ಹಾಗೆ. ಆಮೇಲೆ ಕಾನಸಿನಿಂದ, ಆ ಸಣ್ಣ ಅರದಿಂದ, ಉಜ್ಜುವ ಸದ್ದು. ಮತ್ತೆ ತಂತಿ, ಮತ್ತೆ ಕಾನಸು. ಹೀಗೆ ನಡೆದು ನಡೆದು ಯಾವಾಗಲೋ ಆ ದನಿ ಬಿಚ್ಚಿಕೊಳ್ಳುತ್ತಿತ್ತು. ಒಂದರೊಳಗಿಂದ ಇನ್ನೊಂದು, ಅದರೊಳಗಿಂದ ಮತ್ತೊಂದು... ಜೇನುಹುಳುಗಳ ಹಿಂಡು ದೂರದ ಅರಿಶಿನದ ಹೊಲದ ಮೇಲೆ ಹಾದು ಹೋದ ಹಾಗೆ. ಅಕ್ಕಿ ಆರಿಸುತ್ತಿದ್ದ ನನ್ನ ಕೈ ತಾನಾಗಿ ನಿಲ್ಲುತ್ತಿತ್ತು. ಕಾಕಾನ ಕಾನಸೂ ಅಲ್ಲೇ ನಿಲ್ಲುತ್ತಿತ್ತು. ಗೋಡೆಯೇ ಗುಂಯ್ ಎನ್ನುತ್ತಿದೆಯೋ, ನಾನೇ ನಿದ್ದೆಗೆ ಜಾರುತ್ತಿದ್ದೇನೋ ತಿಳಿಯುತ್ತಿರಲಿಲ್ಲ.

ತಂತಿಗಳು ಕೂರುವ ಎಲುಬಿನ ಪಟ್ಟಿಯನ್ನು ಕೂದಲೆಳೆಯಷ್ಟು ಉಜ್ಜಿ, ತಂತಿಯ ಕೆಳಗೆ ಒಂದು ನೂಲು ಸರಿಸಿ ಆ ಝೇಂಕಾರ ತರಬೇಕಂತೆ. ಅದಕ್ಕೆ ಜವಾರಿ ಎನ್ನುತ್ತಾರೆ. ನಾನು ಜವಾರಿ ಎಂದರೆ ನಾಟಿ ಬದನೆಕಾಯಿ ಎಂದು ತಿಳಿದವಳು. ಹಾಡು, ರಾಗ ಯಾವುದೂ ನನಗೆ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ಕೈ ನಿಲ್ಲುತ್ತಿತ್ತು, ಅಷ್ಟೇ.

ಮೀನು ಬಂದದ್ದು ಆಮೇಲೆ, ಮಗ ಕುಪವಾಡ ಎಂಐಡಿಸಿಯ ಒಂದು ಕಾರಖಾನೆಯಲ್ಲಿ ಫಿಟ್ಟರ್ ಆದ ಮೇಲೆ. ಅಲ್ಲಿನ ಮಾಲಕರು ಆಫೀಸಿನ ದೊಡ್ಡ ಮೀನಿನ ಪೆಟ್ಟಿಗೆಯನ್ನು ತೆಗೆಸುತ್ತಿದ್ದರು. ಬಂಗಾರದ ಬಣ್ಣದ ಮೀನುಗಳನ್ನು ಏನು ಮಾಡುತ್ತೀರಿ ಎಂದು ಇವನು ಕೇಳಿದರೆ, ಗಟಾರಕ್ಕೆ ಹಾಕು ಎಂದರಂತೆ. ಹಾಗೆಂದು ಹಾಕಲಿಕ್ಕೆ ಬರುತ್ತದೆಯೇ? ಟೆಂಪೋದಲ್ಲಿ ಪೆಟ್ಟಿಗೆ, ಕೊಡದಲ್ಲಿ ಮೀನು, ಮನೆಗೆ ತಂದ. ಜೈನರ ಮನೆಗೆ ಮೀನು ಬಂದಿದೆ ಎಂದು ಓಣಿಯೆಲ್ಲ ನಕ್ಕಿತು. ಕಾಕಾ ಬಾಗಿಲಲ್ಲಿ ನಿಂತು, "ವೈನಿ, ನಿಮ್ಮ ಮನಿಯಾಗ ಮೀನಾ ಬಂತಂದ್ರ, ಇನ್ನ ನಮ್ಮ ಮನಿಯಾಗ ಬರೇ ಬ್ಯಾಳಿ ಕುದಸಬೇಕ ಆತು" ಎಂದರು.

"ಕುದಸ್ರಿ, ಹೊಟ್ಟಿಗಿ ಚಲೋ" ಎಂದೆ.

ಪೆಟ್ಟಿಗೆಯನ್ನು ಆ ನಡುಗೋಡೆಗೆ ಒತ್ತಿಯೇ ಇಟ್ಟರು, ಬೇರೆ ಜಾಗವಿರಲಿಲ್ಲ. ಮೇಲೆ ದೊಡ್ಡ ಗಾಜಿನ ಪೆಟ್ಟಿಗೆ, ಕೆಳಗಿನ ಕಪಾಟಿನಲ್ಲಿ ಸಣ್ಣದೊಂದು. ಮೇಲಿನ ನೀರು ತುಂಬಿ, ಮೂಲೆಯಲ್ಲಿರುವ ಹಲ್ಲುಹಲ್ಲಿನ ಅಂಚು ದಾಟಿ, ಪೈಪಿನಲ್ಲಿ ಕೆಳಗಿನದಕ್ಕೆ ಇಳಿಯುತ್ತಿತ್ತು. ಅಲ್ಲಿ ಸೋಸಿದ ನೀರನ್ನು ಪಂಪು ಮತ್ತೆ ಮೇಲೇರಿಸುತ್ತಿತ್ತು. ನೋಡಲು ಚೆಂದ. ಆದರೆ ಸದ್ದು! ಪೈಪು ಜುರ್ರೆಂದು ಗಾಳಿ ಎಳೆಯುವುದು, ಗುಳುಗುಳು ನುಂಗುವುದು, ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ತೇಗುವುದು. ಕೆಳಗೆ ಬಿದ್ದ ನೀರಿನ ಗುಳ್ಳೆಗಳನ್ನು ಪಂಪು ಎಳೆದುಕೊಂಡು ಮೇಲಕ್ಕೆ ಬಿಡುತ್ತಿತ್ತು, ಮೀನುಗಳು ಸೋಡಾದಲ್ಲಿ ಈಜಿದ ಹಾಗೆ ಕಾಣುತ್ತಿದ್ದವು.

ನಾವು ಒಗ್ಗಿಕೊಂಡೆವು. ಕಾಕಾ ಒಗ್ಗಲಿಲ್ಲ. ದಸರೆ ಹತ್ತಿರ ಬಂದಿದ್ದಾಗ ಒಂದು ಮಧ್ಯಾಹ್ನ ನಮ್ಮ ಹೊಸ್ತಿಲಲ್ಲಿ ಬಂದು ಕೂತರು. ಆವತ್ತು ಚೇಷ್ಟೆಯಿಲ್ಲ. ವಿಷಯ ಇಷ್ಟು. ಅವರು ಕೈಯಾಡಿಸಿದ ತಂಬೂರಿಯೊಂದು ದನಿ ಮುಚ್ಚಿಕೊಂಡಿದೆ ಎಂದು ವಾಪಸು ಬಂದಿತ್ತು. ಇನ್ನು ಕಾನಸು ಕೆಳಗಿಡಿ, ಅಂಗಡಿಯ ಗಲ್ಲಾಪೆಟ್ಟಿಗೆಯ ಹತ್ತಿರ ಕೂತು ಗಿಟಾರು ಮಾರಿ, ಜವಾರಿಯನ್ನು ಬೇರೆಯವರಿಂದ ಮಾಡಿಸುತ್ತೇವೆ ಎಂದು ಅವರ ಇಬ್ಬರು ಗಂಡುಮಕ್ಕಳು ಹೇಳಿದ್ದರು. ಉಳಿದಿದ್ದದ್ದು ಒಂದೇ ಕೆಲಸ. ಸಾಂಗ್ಲಿಯಲ್ಲಿ ಹಾಡುವ ಹೆಂಗಸೊಬ್ಬರು, ಎಲ್ಲರೂ ಹಾಡಿನ ಬಾಯಿ ಎನ್ನುವವರು, ಅವರ ತಂಬೂರಿ. ಅವರು ಕಾಕಾನ ಕೈ ಬಿಟ್ಟು ಬೇರೆಯವರ ಕೈಗೆ ಅದನ್ನು ಕೊಟ್ಟವರಲ್ಲ. ದೀಪಾವಳಿ ಪಾಡವಾಕ್ಕೆ, ಬಲಿಪಾಡ್ಯದ ದಿನ, ಒಯ್ಯಲು ಬರುವವರಿದ್ದರು. ಅದು ಸರಿ ಬಂದರೆ ಕಾನಸು ಕಾಕಾನ ಹತ್ತಿರ ಉಳಿಯುತ್ತದೆ. ಬರದಿದ್ದರೆ ಇಲ್ಲ.

"ನಿಮ್ಮ ಪೈಪ ನಡುಬರಕ ಬಾಯಿ ಹಾಕತೈತಿ ವೈನಿ. ನನಗ ತಂತಿ ಕೇಳವಲ್ದು" ಎಂದರು.

"ಹಂಗಾದ್ರ ಮೀನಾ ಕೊಲ್ಲಲೇನ್ರಿ?"

"ತೋಬಾ. ಕೊಲ್ಲೂದ್ಯಾಕ? ಬಾಯಿ ಮುಚ್ಚಸ್ರಿ ಸಾಕು."

ಮಗನಿಗೆ ರಜೆಯಿದ್ದ ದಿನ ಕಾಕಾ ಬಂದು ಪೆಟ್ಟಿಗೆಯ ಮುಂದೆ ಚಾಪೆ ಹಾಕಿಕೊಂಡು ಕೂತರು. ಕಣ್ಣು ಮುಚ್ಚಿ, ಪೈಪಿಗೆ ಕಿವಿ ಹಚ್ಚಿ ಬಹಳ ಹೊತ್ತು. ಸದ್ದು ಒಂದಲ್ಲ, ಮೇಲಿನದು ಕುಡಿಯುವ ಸದ್ದು, ಕೆಳಗಿನದು ಬೀಳುವ ಸದ್ದು ಎಂದರು. ಮಗ ಮೊಬೈಲಿನಲ್ಲಿ ಯಾರ್ಯಾರದೋ ಪೆಟ್ಟಿಗೆಗಳನ್ನು ನೋಡಿಕೊಂಡಿದ್ದ. ಪೈಪು ಅರ್ಧ ನೀರು ಅರ್ಧ ಗಾಳಿ ಇರುವುದೇ ರೋಗ, ಬೀಳುವ ನೀರು ಗಾಳಿಯನ್ನು ತನ್ನ ಜೊತೆ ಎಳೆಯುತ್ತದೆ ಎಂದ. ಆಮೇಲೆ ಮೇಲಿನ ಅಂಚಿಗೆ ಬೆರಳು ತೋರಿಸಿ, ಈ ಬಟ್ಟೆ ಯಾರು ಕಟ್ಟಿದ್ದು ಎಂದು ಕೇಳಿದ. ಕೇಳುವುದೇನು, ಗೊತ್ತೇ ಇತ್ತು.

ನಾನೇ ಕಟ್ಟಿದ್ದೆ. ಎರಡು ಪದರಿನ ಬಿಳಿ ಬಟ್ಟೆ, ಕುಡಿಯುವ ನೀರು ಸೋಸಿ ಗಾಳಿಸುವಂಥದ್ದೇ. ಪೆಟ್ಟಿಗೆಯಲ್ಲಿ ಬಸವನಹುಳುವಿನ ಮರಿಗಳಾಗಿದ್ದವು, ಸಾಸಿವೆಯಷ್ಟು. ಅವು ಪೈಪಿನಲ್ಲಿ ಬಿದ್ದು ಸತ್ತರೆ ಪಾಪ ಯಾರಿಗೆ? ಆದರೆ ಆ ಬಟ್ಟೆ ನೀರನ್ನು ತಡೆದು ತಡೆದು ಬಿಡುತ್ತಿತ್ತು, ಮೂಲೆಯಲ್ಲಿ ನೀರು ತಗ್ಗಿ ಪೈಪಿನ ಬಾಯಿ ಬರಿದಾಗುತ್ತಿತ್ತು, ಬರಿದಾದ ಬಾಯಿ ಗಾಳಿ ಎಳೆಯುತ್ತಿತ್ತು. ಮಗ ಬಿಚ್ಚಲು ಹೋದ. ಕೈ ಹಿಡಿದೆ. ಬಟ್ಟೆ ಇಲ್ಲದ ನೀರು ಈ ಮನೆಯಲ್ಲಿ ಇಳಿಯುವುದಿಲ್ಲ ಎಂದೆ. ಕಾಕಾ ನಮ್ಮಿಬ್ಬರ ಮುಖ ನೋಡುತ್ತ ಕೂತರು. ಅವರ ಕಾನಸು ನನ್ನ ಬಟ್ಟೆಗೆ ಸಿಕ್ಕಿಹಾಕಿಕೊಂಡಿತ್ತು.

ಆಗ ನೆನಪಾದದ್ದು ತವರಿನ ಬಾವಿ. ನೀರು ಗಾಳಿಸಿದ ಮೇಲೆ ಬಟ್ಟೆಯಲ್ಲಿ ಉಳಿಯುವ ಸಣ್ಣ ಜೀವಗಳನ್ನು ಅದೇ ಬಾವಿಗೆ ತಿರುಗಿ ಬಿಡಬೇಕು. ಮೇಲಿನಿಂದ ಸುರಿಯಬಾರದು. ಅದಕ್ಕೊಂದು ಬೇರೆ ಕೊಡ, ಕೊರಳಿಗೊಂದು ಹಗ್ಗ, ತಳದಲ್ಲಿ ಬಳೆ, ಬಳೆಗೆ ಇನ್ನೊಂದು ಹಗ್ಗ. ಕೊಡವನ್ನು ಬಾವಿಯ ನೀರು ಮುಟ್ಟುವ ತನಕ ಇಳಿಸುವುದು. ನೀರಿಗೆ ನೀರು ತಾಗಿದ ಮೇಲೆ ತಳದ ಹಗ್ಗ ಎಳೆದರೆ ಕೊಡ ಮೆಲ್ಲಗೆ ಬೋರಲಾಗುತ್ತದೆ, ಒಳಗಿನದು ಒಳಗೇ ಸೇರಿಕೊಳ್ಳುತ್ತದೆ. ಅವ್ವ ಬಾವಿಯ ಕಟ್ಟೆಯ ಮೇಲೆ ಕಿವಿಗೊಟ್ಟು ನಿಲ್ಲುತ್ತಿದ್ದಳು. ಸಪ್ಪಳ ಬಂದರೆ ನನ್ನ ಬೆನ್ನಿಗೆ ಏಟು. ಸಪ್ಪಳ ಬಂದರೆ ಜೀವ ಬಿದ್ದು ಸತ್ತವು ಎಂದೇ ಅವಳ ಲೆಕ್ಕ.

ನೀರು ಬೀಳಬಾರದು, ಇಳಿಯಬೇಕು ಎಂದೆ. ಮಗ ಬಟ್ಟೆಯನ್ನು ಮೇಲಿನಿಂದ ಬಿಚ್ಚಿ, ಚೀಲದ ಹಾಗೆ ಹೊಲಿಸಿಕೊಂಡು, ಪೈಪಿನ ಕೆಳಗಿನ ತುದಿಗೆ ಕಟ್ಟಿದ. ಪೈಪಿನ ಬಾಯಿಯನ್ನು ಕೆಳಗಿನ ನೀರಿನೊಳಗೆ ಮುಳುಗಿಸಿದ. ಮೊದಲು ಬಹಳ ಆಳಕ್ಕೆ ಇಳಿಸಿದ, ಒಳಗೆ ಸಿಕ್ಕ ಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲದೆ ಪೈಪು ಎಮ್ಮೆಯ ಹಾಗೆ ತೇಗಿತು. ಮೇಲೆತ್ತಿ, ಬಾಯಿ ನೀರನ್ನು ಆಗಷ್ಟೇ ಮುಟ್ಟಿ ಮುಳುಗುವಲ್ಲಿ ನಿಲ್ಲಿಸಿದ. ಬೀಳುವ ಸದ್ದು ಹೋಯಿತು. ಗುಳ್ಳೆಗಳು ಚೀಲದೊಳಗೇ ಒಡೆದುಹೋದವು. ಕುಡಿಯುವ ಸದ್ದು ಉಳಿಯಿತು. ಅದಕ್ಕೆ ಮರುವಾರ ಕಾರಖಾನೆಯಿಂದ ಬರುವಾಗ ಈ ಕೆಂಪು ಹಿಡಿಯ ಕೀಲಿ ತಂದು, ಕಾಕಾನನ್ನು ಮತ್ತೆ ಕರೆದು ಕೂರಿಸಿಕೊಂಡು, ಪೈಪಿನ ನಡುವೆ ಕೂಡಿಸಿದ. ಅದನ್ನು ಸ್ವಲ್ಪ ಸ್ವಲ್ಪ ಮುಚ್ಚುತ್ತ ಬಂದ ಹಾಗೆ ಮೂಲೆಯಲ್ಲಿ ನೀರು ಏರಿ ಪೈಪಿನ ಬಾಯಿಯನ್ನು ಮುಚ್ಚಿತು, ಪೈಪಿನ ತುಂಬ ನೀರೇ ಆಯಿತು, ಗಾಳಿಗೆ ಜಾಗವೇ ಉಳಿಯಲಿಲ್ಲ. ಎಲ್ಲಿಯಾದರೂ ಕಸ ಸಿಕ್ಕು ಕಟ್ಟಿಕೊಂಡರೆ ಮನೆಯೆಲ್ಲ ನೀರಾಗಬಾರದೆಂದು, ಬಾಯಿ ಇನ್ನೂ ಮೇಲಿರುವ ಎರಡನೆಯ ಪೈಪೊಂದನ್ನು ಬರಿದೇ ಇಟ್ಟ.

ಹಿಡಿ ಕೊನೆಯ ಅರ್ಧ ಸುತ್ತು ತಿರುಗಿದಾಗ ಸದ್ದು ನಿಂತಿತು.

ಎಷ್ಟೋ ತಿಂಗಳ ಮೇಲೆ ಮನೆ ಹಗುರಾಯಿತು. ಗಾಜು ತಿಳಿಯಾಯಿತು. ನೀರು ಓಡುತ್ತಿತ್ತು, ಓಡುತ್ತಿರುವಂತೆ ಕಾಣುತ್ತಿರಲಿಲ್ಲ. ಮೀನುಗಳು ಗಾಳಿಯಲ್ಲಿ ತೂಗುಬಿಟ್ಟ ಹಾಗೆ ನಿಂತಿದ್ದವು, ಅವುಗಳ ಬೆಳಕು ಗೋಡೆಯ ಮೇಲೆ, ಚಾಪೆಯ ಮೇಲೆ, ಕಾಕಾನ ಬಿಳಿ ಗಡ್ಡದ ಮೇಲೆ ಅಲುಗುತ್ತಿತ್ತು... ಕಾಕಾ ಎದ್ದು, ಪೆಟ್ಟಿಗೆಗೆ ಒಂದು ಸಲಾಮು ಹೊಡೆದು ಹೋದರು.

ಮರುದಿನ ಮಧ್ಯಾಹ್ನ ಆಚೆ ತಂತಿ ಮಿಡಿಯಿತು. ನಾನು ಗೋಡೆಗೆ ಒರಗಿ ಬಟಾಣಿ ಸುಲಿಯುತ್ತಿದ್ದೆ, ಮೀನಿಗೆ. ಕಾನಸು, ತಂತಿ, ಕಾನಸು, ತಂತಿ. ದನಿ ಬಿಚ್ಚಿಕೊಂಡಿತು. ನನ್ನ ಕೈ ನಿಂತಿತು. ಕಾನಸು ನಿಲ್ಲಲಿಲ್ಲ. ಉಜ್ಜುತ್ತಲೇ ಹೋದರು, ಜೇನು ಹಾರಿಹೋಯಿತು, ತಗಡು ಉಳಿಯಿತು. ಇನ್ನೂ ನಯವಾದದ್ದು ಬೇಕಿರಬೇಕು ಎಂದುಕೊಂಡೆ. ಮತ್ತೆ ಬಂತು, ಮತ್ತೆ ದಾಟಿ ಹೋದರು. ಅದರ ಮರುದಿನವೂ ಅದೇ. ಮನೆಯ ಮುಂದಿನಿಂದಲೇ ಹಾದು ಹೋಗಿ, ಮನೆ ಎಲ್ಲಿ ಎಂದು ಓಣಿಯ ತುದಿಯಲ್ಲಿ ಕೇಳುವವರ ಹಾಗೆ.

ಬಟಾಣಿ ಬಿಟ್ಟು ಎದ್ದು ಹೋದೆ. ಕೋಣೆಯಲ್ಲಿ ಅವರೊಬ್ಬರೇ ಇದ್ದರು. ಮುಂದಿನ ಅಂಗಡಿಯಲ್ಲಿ ಯಾರೋ ಗಿಟಾರು ನೋಡುತ್ತಿದ್ದರು.

"ಗುಳುಗುಳು ನಿಂತೈತಿ, ಖರೆ. ಆದ್ರೂ ಇದು ಬಾಯಿ ಬಿಡವಲ್ದು ವೈನಿ" ಎಂದು ತಂತಿ ಮಿಡಿದರು.

ಕೋಣೆಯ ತುಂಬ ಜೇನು. ಸೋರೆಬುರುಡೆಗಳೆಲ್ಲ ಗುಂಯ್ ಎಂದವು, ನನ್ನ ಬಳೆಗಳೂ. ಅವರು ನನ್ನ ಮುಖ ನೋಡುತ್ತಿದ್ದರು, ಮಕ್ಕಳು ತಾಯಿಯ ಮುಖ ನೋಡಿ ತಿಂಡಿ ಉಳಿದಿದೆಯೋ ಇಲ್ಲವೋ ತಿಳಿಯುತ್ತಾರಲ್ಲ ಹಾಗೆ. ಅವರಿಗೆ ಪೈಪಿನ ದಪ್ಪ ಸದ್ದು ಕೇಳಿಸುತ್ತಿತ್ತು, ನನ್ನ ಮಾತು ಕೇಳಿಸುತ್ತಿತ್ತು. ಈ ಸಣ್ಣದು, ಈ ಮೇಲಿನದು ಮಾತ್ರ ಇಲ್ಲ.

ನನಗೆ ಮುಖದ ಮೇಲೆ ಹೇಳಿ ರೂಢಿ. ಸೊಸೆಯ ಸಾರು ಕೆಟ್ಟಿದ್ದರೆ ಕೆಟ್ಟಿದೆ ಎನ್ನುತ್ತೇನೆ, ಸತ್ತವರ ಮನೆಯಲ್ಲೂ ಸತ್ತವರ ಗುಣ ಹೊಗಳಿದವಳಲ್ಲ. ಬಾಯಿ ತೆರೆದೆ.

"ಎಲ್ಲಿ ನಿಂತೈತ್ರಿ? ನಡುನಡುವ ಇನ್ನೂ ಬರತೈತಿ. ಕೀಲಿ ಸಡ್ಲ ಐತಿ" ಎಂದೆ.

"ಹೌದೇನ್ರಿ?" ಎಂದರು. ಕಾನಸನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಅದರ ಪುಡಿ ಒರೆಸಿದರು. "ಹಂಗಾರ ಅದಽ ಇರಬೇಕು."

ಮನೆಗೆ ಬಂದು ಕಪಾಟಿನ ಮುಂದೆ ಕೂತೆ. ಕೆಂಪು ಹಿಡಿಗೆ ಕೈ ಹಾಕಿದೆ. ಮೊದಲ ಸಲ ಯೋಚಿಸಿ ಮಾಡಿದ್ದಲ್ಲ. ಆಚೆ ತಂತಿ ಮಿಡಿಯುತ್ತಿತ್ತು, ಕಾನಸು ಉಜ್ಜುತ್ತಿತ್ತು, ದನಿ ಬಿಚ್ಚಿಕೊಂಡಿತು, ಇನ್ನು ದಾಟಿ ಹೋಗುತ್ತಾರೆ ಎನ್ನುವಷ್ಟರಲ್ಲಿ ಹಿಡಿಯನ್ನು ತಿರುವಿಬಿಟ್ಟೆ. ಮೂಲೆಯ ನೀರು ಇಳಿಯಿತು, ಪೈಪಿನ ಬಾಯಿ ತೆರೆಯಿತು. ಜುರ್ರ್... ಗುಳುಗುಳು. ಆಚೆ ಕಾನಸು ನಿಂತಿತು. ಬೇಸರದಿಂದ ಕೆಳಗಿಟ್ಟ ಸದ್ದೂ ಕೇಳಿಸಿತು, ಟಕ್.

ಹಿಡಿಯನ್ನು ತಿರುಗಿಸಿ ಮುಚ್ಚಿದೆ. ಪೈಪು ತುಂಬಿಕೊಂಡು ಸುಮ್ಮನಾಗಲು ಸ್ವಲ್ಪ ಹೊತ್ತು ಬೇಕು. ಸುಮ್ಮನಾಯಿತು. ಆಚೆ ಅವರು ಮತ್ತೆ ಆ ತಂತಿಗೆ ಹೋಗಲಿಲ್ಲ, ಪಕ್ಕದ್ದನ್ನು ಮಿಡಿದರು. ನಾನು ಕಾದೆ.

ಪಾಡವಾದವರೆಗೆ ಹಾಗೇ ನಡೆಯಿತು, ದನಿ ಬಿಚ್ಚಿಕೊಂಡ ಕೂಡಲೇ ನಾನು ಹಿಡಿ ತಿರುವುವುದು, ಅವರು ಕಾನಸು ಕೆಳಗಿಡುವುದು. ಬಿಸಿಲು ಕಿಟಕಿಯಿಂದ ಇಳಿದು ಗಾಜಿನ ಪೆಟ್ಟಿಗೆಯನ್ನು ದಾಟಿ ನನ್ನ ಮಡಿಲಿಗೆ ಹಸಿರಾಗಿ ಬೀಳುತ್ತಿತ್ತು. ಒಂದು ಕೈ ಹಿಡಿಯ ಮೇಲೆ, ಬೆನ್ನು ಗೋಡೆಗೆ. ಗೋಡೆ ಬೆನ್ನಿಗೆ ಹೇಳುತ್ತಿತ್ತು, ಬೆನ್ನು ಕೈಗೆ ಹೇಳುತ್ತಿತ್ತು. ಅರ್ಧ ಎಚ್ಚರ, ಅರ್ಧ ನಿದ್ದೆ. ಮೀನುಗಳು ಬಂದು ನೋಡಿ ಹೋಗುತ್ತಿದ್ದವು... ಇಂಥ ಸುಖ ನನಗೆ ಆ ಕಪಾಟಿನ ಮುಂದಲ್ಲದೆ ಬೇರೆಲ್ಲೂ ಸಿಕ್ಕಿಲ್ಲ.

ಹಾಡಿನ ಬಾಯಿ ಬಂದ ದಿನ ಕಾಕಾ ಗೋಡೆ ತಟ್ಟಿ ನನ್ನನ್ನೂ ಕರೆದರು. ಹೋಗಿ ಬಾಗಿಲಲ್ಲಿ ನಿಂತೆ. ಕಾಕಾನ ಮಕ್ಕಳಿಬ್ಬರೂ ಕೈ ಕಟ್ಟಿ ನಿಂತಿದ್ದರು. ಬಾಯಿಯವರು ನೆಲಕ್ಕೆ ಕೂತು ತಂಬೂರಿಯನ್ನು ಭುಜಕ್ಕೆ ಒರಗಿಸಿಕೊಂಡು ನಾಲ್ಕೂ ತಂತಿ ಮಿಡಿದರು. ಮತ್ತೆ ಮಿಡಿದರು. ನಿಲ್ಲಿಸಲೇ ಇಲ್ಲ. ಏನಾದರೂ ಹೇಳುತ್ತಾರೆಂದು ನಾವೆಲ್ಲ ಕಾದರೆ, ಆಯಮ್ಮ ಕಣ್ಣು ಮುಚ್ಚಿಕೊಂಡು ತನ್ನ ಪಾಡಿಗೆ ಹಾಡತೊಡಗಿದರು. ಕಾಕಾ ಅವರ ಬೆರಳನ್ನು ನೋಡುತ್ತಿರಲಿಲ್ಲ, ಮುಖವನ್ನು ನೋಡುತ್ತಿದ್ದರು. ಅವರಿಗೆ ಕೇಳಿಸಬೇಕಾದದ್ದು ಈಗ ಮುಖಗಳಲ್ಲಿತ್ತು. ಹಿರಿಯ ಮಗ ಬಗ್ಗಿ, ನೆಲದ ಮೇಲಿದ್ದ ಕಾನಸನ್ನು ಎತ್ತಿ, ಒರೆಸಿ, ತಂದೆಯ ಪೆಟ್ಟಿಗೆಯಲ್ಲಿ ಇಟ್ಟ.

ಎಲ್ಲರೂ ಹೋದ ಮೇಲೆ ಕಾಕಾ ನನ್ನನ್ನು ನಿಲ್ಲಿಸಿದರು.

"ವೈನಿ, ನಿಮ್ಮ ಮೀನಾ ಭಾಳ ಹುಷಾರ ಅದಾವ್ರಿ. ತಂತಿ ಬರೋಬ್ಬರಿ ಆದ ಹೊತ್ತಿಗಷ್ಟಽ ಗದ್ದಲಾ ಮಾಡ್ತಾವ."

"ಮೀನಿಗೇನ್ ತಿಳೀತೈತ್ರಿ" ಎಂದೆ.

"ಅದೂ ಖರೆ" ಎಂದು ನಕ್ಕರು. ಆ ಮಾತು ಅಲ್ಲಿಗೆ ಮುಗಿಯಿತು, ನಾವು ಮತ್ತೆ ಅದನ್ನು ಎತ್ತಲಿಲ್ಲ. ಎತ್ತುವುದೇನಿತ್ತು? ಆಮೇಲೆ ತಂಬೂರಿ ಬಂದಾಗೆಲ್ಲ ಅವರು ಕೆಲಸ ಶುರು ಮಾಡುವ ಮುಂಚೆ ಒಮ್ಮೆ ಗೋಡೆ ತಟ್ಟುತ್ತಿದ್ದರು. ನಾನು ಅಕ್ಕಿಯ ಮೊರ ಹಿಡಿದುಕೊಂಡು ಹೋಗಿ ಕಪಾಟಿನ ಮುಂದೆ ಕೂರುತ್ತಿದ್ದೆ. ಮನೆಯವರು ನಾನು ಮೀನು ನೋಡುತ್ತೇನೆ ಎಂದುಕೊಂಡರು. ಅನ್ನಿಸಿಕೊಂಡೆ.

ಒಂದು ಚಳಿಗಾಲ ಕಾಕಾನಿಗೆ ಕೆಮ್ಮು ಹಿಡಿಯಿತು, ಹಿಡಿದದ್ದು ಬಿಡಲಿಲ್ಲ. ದವಾಖಾನೆಗಳಿಗೆ ಮಿರಜಿನಲ್ಲಿ ಬರವಿಲ್ಲ, ಆದರೂ ತೀರಿಹೋದರು. ವಯಸ್ಸಾಗಿತ್ತು. ನಾನು ಅಳಲಿಲ್ಲ, ಅವರ ಮನೆಯ ಹೆಂಗಸರಿಗೆ ಚಹಾ ಮಾಡಿ ಕಳಿಸಿದೆ. ಆ ಕೋಣೆಯಲ್ಲಿ ಈಗ ಗಿಟಾರಿನ ಖಾಲಿ ಡಬ್ಬಿಗಳನ್ನು ಒಟ್ಟಿದ್ದಾರೆ. ಜವಾರಿ ಬೇರೆ ಓಣಿಯಲ್ಲಿ ಆಗುತ್ತದಂತೆ.

ಮೊನ್ನೆ ಮಗ ಹೊಸ ಪೈಪು ಕೂಡಿಸಿ, ಹೊಸ ಕೀಲಿಯನ್ನು ಹೊಂದಿಸಿ, ನೀರು ಬಿಟ್ಟ. ಮೊದಲ ಸಲಕ್ಕೇ ಸದ್ದಡಗಿತು. ನೋಡವ್ವಾ, ಒಂದು ಗುಳ್ಳೆಯೂ ಇಲ್ಲ ಎಂದು ಹೆಮ್ಮೆಯಿಂದ ಹೇಳಿ ಕೈ ತೊಳೆಯಲು ಹೋದ. ಹೌದು, ಚೆನ್ನಾಗಿ ಮಾಡಿದ್ದ. ಹಳೆಯ ಮೀನುಗಳಲ್ಲಿ ಒಂದೂ ಉಳಿದಿಲ್ಲ, ಇವು ಅವುಗಳ ಮರಿಮಕ್ಕಳು. ತೂಗುಬಿಟ್ಟ ಹಾಗೆ ನಿಂತಿದ್ದವು. ಇಷ್ಟು ಸುಮ್ಮನಿರುವುದು ಯಾರಿಗೆ ಬೇಕಾಗಿತ್ತೋ ಅವರು ಇಲ್ಲ.

ಗೋಡೆಗೆ ಬೆನ್ನು ಕೊಟ್ಟು ಕೂತೆ. ಹೊಸ ಹಿಡಿ ಗಟ್ಟಿ, ಹಲ್ಲುಗಳು ಬೆರಳಿಗೆ ಚುಚ್ಚಿದವು. ಅರ್ಧ ಸುತ್ತು ಬಿಚ್ಚಿದೆ. ಜುರ್ರ್... ಗುಳುಗುಳು.

ಆಚೆ ಯಾರೂ ಕಾನಸು ಕೆಳಗಿಡಲಿಲ್ಲ.

ಮುಚ್ಚಿದೆ.